ಗುಬ್ಬಚ್ಚಿಯ ಹೆಸರು

ಮನೆ, ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗನೇ,

ಹೇಗಿದ್ದೀಯ? ನಿನ್ನ ಆ ಹಳೆಯ ಬೆನ್ನು ನೋವು ಕಡಿಮೆಯಾಯಿತೇ? ನೀನು ಉತ್ತರ ಬರೆಯುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತೇನೆ. ಕೇಳದೆ ಈ ಕೈ ಮುಂದಕ್ಕೆ ಹೋಗುವುದಿಲ್ಲ.

ಲಕ್ವ ಹೊಡೆದು ನಿನ್ನಪ್ಪನ ಬಲಗೈ, ಮಾತು ಎರಡೂ ಹೋದದ್ದನ್ನು ಹೋದ ಪತ್ರದಲ್ಲೇ ಬರೆದಿದ್ದೆ. ಈಗ ನುಂಗುವುದೂ ಕಷ್ಟ. ಹಳೆಯ ಕಂಪ್ಯೂಟರುಗಳ ಹುಚ್ಚು ಮಾತ್ರ ಎಳ್ಳಷ್ಟೂ ಇಳಿದಿಲ್ಲ. ಒಂದನ್ನು ಮಂಚದ ಪಕ್ಕಕ್ಕೇ ಎಳೆಸಿಕೊಂಡಿದ್ದಾರೆ. ಅವರಂತೆ ಹಳೆಯ ಮೆಷಿನ್ನಿಟ್ಟುಕೊಂಡವರ ಬಳಗದಲ್ಲಿ ಒಂದೊಂದು ಮೆಷಿನ್ನಿಗೂ ಒಂದು ಹೆಸರಿದೆಯಲ್ಲ, ಆ ಹೆಸರುಗಳ ಪಟ್ಟಿ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ಯಾವ ಹೆಸರು ಹಿಡಿದು ಕರೆದರೆ ಯಾರ ಮನೆಯ ಮೆಷಿನ್ನಿಗೆ ಕರೆ ಹೋಗಬೇಕೆಂದು ಗೊತ್ತುಮಾಡುವವಳು ಈಗ ನಾನು, ನೋಡು! ವರ್ಷವಿಡೀ ಕರೆದರೂ ಓಗೊಡದ ಹೆಸರನ್ನು ಕಿತ್ತು ಬೇರೆಯವರಿಗೆ ಕೊಡಬೇಕೆಂಬುದು ನಿನ್ನಪ್ಪನೇ ಮಾಡಿದ ನಿಯಮ. ಆದರೆ ನೀನು ಹೋಗಿ ನಾಲ್ಕು ವರ್ಷವಾದರೂ ನಿನ್ನ ಮೆಷಿನ್ನಿನ ಗುಬ್ಬಚ್ಚಿ ಎಂಬ ಹೆಸರನ್ನು ಅವರು ಮುಟ್ಟಲಿಲ್ಲ. ಬಳಗದ ಗಡಿಯಾರ ರಿಪೇರಿಯವರು ಮೊಮ್ಮಗಳ ಮೆಷಿನ್ನಿಗೆಂದು ಆ ಹೆಸರು ಕೇಳಿದಾಗ, "ಅದಕ್ಕೆ ಯಜಮಾನ ಇದ್ದಾನ್ರೀ" ಎಂದು ಮುಖ ತಿರುಗಿಸಿದ್ದರು. "ಈ ಡಬ್ಬಗಳ ಮೇಲಿರೋ ಪ್ರೀತಿ ನನ್ನ ಮೇಲಿಲ್ಲ" ಎಂದು ಕೂಗಾಡಿ ಹೊರಟವನು ನೀನೂ ಆ ಗುಬ್ಬಚ್ಚಿ ಡಬ್ಬ ಹೊತ್ತುಕೊಂಡೇ ಹೋದೆಯಲ್ಲೋ! ಅದನ್ನು ನೆನೆದು ಅವರು ಒಬ್ಬರೇ ನಗುತ್ತಿದ್ದರು.

ದಿನಾ ಬೆಳಿಗ್ಗೆ ಎಡಗೈ ಬೆರಳಿನಿಂದ ಅಕ್ಷರ ಒತ್ತಿ ಗುಬ್ಬಚ್ಚಿಯನ್ನು ಕರೆಯುತ್ತಾರೆ. ಪರದೆಯ ಮೇಲೆ "ಉತ್ತರವಿಲ್ಲ" ಎಂದು ಮೂಡಿದ ಮೇಲೆ ಗೋಡೆಯ ಕಡೆ ಹೊರಳುತ್ತಾರೆ. ನನ್ನಿಂದ ನೋಡಲಾಗಲಿಲ್ಲ, ಕಣೋ. ಮುಂದಿನ ಕೋಣೆಯಲ್ಲಿ ಕುಂಭಕರ್ಣ ಇದ್ದಾನಲ್ಲ, ಕರೆದು ಎಷ್ಟೋ ಹೊತ್ತಿಗೆ ಏಳುತ್ತಾನೆಂದು ನೀನೇ ಹೆಸರಿಟ್ಟ ಆ ಮುದಿ ಮೆಷಿನ್. ಬುಧವಾರ ಯಾರಿಗೂ ಹೇಳದೆ ಗುಬ್ಬಚ್ಚಿಯ ಹೆಸರನ್ನು ಅದಕ್ಕೆ ತಿರುಗಿಸಿಟ್ಟೆ. ಮಾರನೆಯ ದಿನ ಅವರು ಕರೆದಾಗ "ಇದ್ದೇನೆ" ಎಂದು, ಸ್ವಿಚ್ ಹಾಕಿದ ಯಾವ ಮೆಷಿನ್ನಾದರೂ ತಾನಾಗಿ ಕೊಡುವ ಉತ್ತರ ಬಂತು. ಅವರ ಕಣ್ಣು ತುಂಬಿತು. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಕೊಟ್ಟ ಹಾಲನ್ನೆಲ್ಲ ಕುಡಿದರು. ಆಮೇಲಿನ ದಿನಗಳೂ ಹಾಗೇ ಕಳೆದವು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಸಂತೋಷಕ್ಕೋ ಹೆದರಿಕೆಗೋ ಹೇಳಲಾರೆ.

ಹೊತ್ತು ಹೊತ್ತಿಗೆ ಉಣ್ಣು. ಸಿಟ್ಟಿದ್ದರೂ ಇರಲಿ, ನೀನು ಚೆನ್ನಾಗಿರು.

ನಿನ್ನ
ಅಮ್ಮ

ಲಕೋಟೆ ಅಂಟಿಸುವಷ್ಟರಲ್ಲಿ ಅವರು ಮಂಚ ಬಡಿದು ಕರೆದರು. ಪರದೆಯ ಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದರು: "ಗುಬ್ಬಚ್ಚಿ ಇಷ್ಟು ನಿಧಾನ ಅಲ್ಲ. ಅವನ ಹೆಸರು ಅವನಿಗೇ ಬಿಡು." ಮೊದಲ ದಿನವೇ ಗೊತ್ತಾಯಿತೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಹಾಲು ಕುಡಿದದ್ದು ನನಗೋಸ್ಕರ. ಹೆಸರನ್ನು ನಿನ್ನ ಮೆಷಿನ್ನಿಗೇ ಮರಳಿಸಿದ್ದೇನೆ. ಈ ತಿಂಗಳು ದಾಟುವುದು ಅನುಮಾನ ಅಂದಿದ್ದಾರೆ ಡಾಕ್ಟರು. ನೀನು ಬರಬೇಡ, ಮಾತೂ ಆಡಬೇಡ. ಆ ಡಬ್ಬದ ಸ್ವಿಚ್ ಒಂದು ಹಾಕಿಡು, ಮಗಾ. ನಾಳೆ ಬೆಳಿಗ್ಗೆಯೂ ಅವರು ಕರೆಯುತ್ತಾರೆ.