ಅತ್ತೆಯ ಎಡಗಾಲು

ಮನೆಯಿಂದ
ಹನ್ನೆರಡನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಡುಗೆಭಟ್ಟರಿಗೆ,

ಹೇಗಿದ್ದೀರಿ? ಬೆರಳಿಗೆ ಎಣ್ಣೆ ಸಿಡಿದ ಗಾಯ ಒಣಗಿತೆ? ಹಡಗಿನ ತುಂಬ ಜನಕ್ಕೆ ಬೇಯಿಸಿ ಹಾಕುವ ಮನುಷ್ಯ ತಾನು ಮಾತ್ರ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಾನೆ ಎಂದು ನನಗೆ ಗೊತ್ತು. ದಯವಿಟ್ಟು ಕೂತು ಊಟ ಮಾಡಿ. ಇಲ್ಲಿ ನಾನು ಕ್ಷೇಮ. ಕಾಲು ಸ್ವಲ್ಪ ಊದಿಕೊಂಡಿದೆ, ಅದು ಸಹಜ ಎಂದರು ಡಾಕ್ಟರಮ್ಮ. ಹೆರಿಗೆಗೆ ಇನ್ನೂ ಮೂರು ವಾರ ಇದೆಯಂತೆ. ಒಳಗಿರುವ ಕೂಸು ಹೊತ್ತುಗೊತ್ತಿಲ್ಲದೆ ಒದೆಯುತ್ತದೆ, ಎಲ್ಲ ನಿಮ್ಮ ಕಡೆಯ ಬುದ್ಧಿ. ನಿಮ್ಮಮ್ಮ ಗಟ್ಟಿಯಾಗಿದ್ದಾರೆ. ಬಾಗಿಲ ಪಕ್ಕದಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ಬೀದಿಯವರ ಕಿಟಕಿ ಪರದೆಗಳನ್ನೆಲ್ಲ ಅವರೇ ಹೊಲಿದುಕೊಡುತ್ತಿದ್ದಾರೆ.

ಫೋನಿನಲ್ಲಿ ಅರ್ಧ ಮಾತು ಸಮುದ್ರದ ಪಾಲಾಗುತ್ತದೆ, ಅದಕ್ಕೇ ಈ ಕಾಗದ. ಹೋದ ಸಲ ಮಾತಾಡಿದಾಗ ನೀವು, ಕಾರನ್ನು ಈ ತಿಂಗಳ ಕೊನೆಗೆ ನನ್ನ ಸ್ನೇಹಿತರಿಗೆ ಮಾರಿಬಿಡು, ಆ ಡಬ್ಬಿಗೆ ದುಡ್ಡು ಸುರಿದದ್ದು ಸಾಕು, ಆಸ್ಪತ್ರೆಗೆ ಹೋಗಲು ಟ್ಯಾಕ್ಸಿ ಇದೆಯಲ್ಲ ಎಂದಿರಿ. ನಾನು 'ಹೂಂ' ಎಂದದ್ದು ಒಪ್ಪಿಗೆಯಲ್ಲ, ಲೈನ್ ಕಟ್ಟಾಗುವುದರಲ್ಲಿತ್ತು ಅಷ್ಟೆ. ಟ್ಯಾಕ್ಸಿಯವರು ನಮ್ಮ ಏರುರಸ್ತೆಯ ಹೆಸರು ಕೇಳಿದರೇ ಮೂಗು ಮುರಿಯುತ್ತಾರೆ. ಹೋದ ವಾರ ತಪಾಸಣೆಗೆಂದು ಕರೆದರೆ 'ಕೆಳಗಿನ ತಿರುವಿನವರೆಗೆ ನಡ್ಕೊಂಡು ಬಂದ್ಬಿಡಿ ಮೇಡಂ' ಎಂದ ಒಬ್ಬ ಪುಣ್ಯಾತ್ಮ. ನೋವು ಶುರುವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಆ ಇಳಿಜಾರು ಇಳಿಯುವುದನ್ನು ನೆನೆದರೆ ನನಗೆ ಭಯ. ಮುಚ್ಚಿಡುವುದೇಕೆ, ತುಂಬಾ ಭಯ. ಕಾರು ಬಾಗಿಲಲ್ಲಿ ನಿಂತಿದ್ದರೆ ಸ್ವಲ್ಪ ನಿದ್ದೆ ಬರುತ್ತದೆ.

ಇನ್ನು ಖರ್ಚಿನ ಮಾತು. ಬ್ಯಾಟರಿಗೆ ವಯಸ್ಸಾಗಿತ್ತು, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಒಂದು ತಿಂಗಳ ದಿನಸಿಯಷ್ಟಾಯಿತು. ಏಸಿಯ ಗ್ಯಾಸ್ ಸೋರುತ್ತಿತ್ತು, ಪೈಪು ಬದಲಿಸಿದರು. ಏಸಿ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ ಎನ್ನುತ್ತೀರಿ, ಆದರೆ ಈ ಸೆಕೆಯಲ್ಲಿ ಎರಡು ಜೀವ ಹೊತ್ತವಳು ನಾನು. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಚಕ್ರದ ಕಡೆ 'ಕಟಕಟ' ಎನ್ನುತ್ತಿದ್ದದ್ದು ಒಂದು ಸಣ್ಣ ರಬ್ಬರ್ ಬುಷ್ ಸವೆದು. ಒಂದು ಜೊತೆ ಚಪ್ಪಲಿಯ ಬೆಲೆಗೆ ಮುಗಿಯಿತು. ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡ ದಿನ ಜೀವ ಬಾಯಿಗೆ ಬಂತು, ನೋಡಿದರೆ ಸೆನ್ಸರಿಗೆ ಮಸಿ ಹಿಡಿದಿತ್ತು, ಒರೆಸಿ ಕಳಿಸಿದರು. ಮೆಕ್ಯಾನಿಕ್ಕಿಗೆ ನಿಮ್ಮಮ್ಮ 'ಉಸ್ಸಪ್ಪ' ಎಂದು ಹೆಸರಿಟ್ಟಿದ್ದಾರೆ. ಬಾನೆಟ್ ಎತ್ತಿದ ಕೂಡಲೇ ಅವನು 'ಉಸ್ಸಪ್ಪಾ' ಎನ್ನುತ್ತಾನೆ, ಆ ಉಸಿರು ಉದ್ದವಾದಷ್ಟೂ ಬಿಲ್ಲು ಉದ್ದ. ಆದರೂ ಇವೆಲ್ಲ ಯಾರ ಮನೆಯ ಸಣ್ಣ ಕಾರಿಗಾದರೂ ಬರುವ ನೆಗಡಿ ಕೆಮ್ಮು. ನಿಮ್ಮ ಕಣ್ಣು ಕೆಂಪಾದದ್ದು ಕ್ಲಚ್ಚಿಗೆ, ನನಗೆ ಗೊತ್ತು. ಇಡೀ ತಿಂಗಳ ಮನೆ ಬಾಡಿಗೆ ನುಂಗಿತು. 'ಅಕ್ಕಾ, ಹೋದ್ ವರ್ಷ ತಾನೆ ಹೊಸದು ಹಾಕಿದ್ದು! ಈ ಪ್ಲೇಟ್ ನೋಡಿ, ಕರಕಲಾಗ್ಬಿಟ್ಟಿದೆ. ಗಾಡಿ ಓಡಿಸ್ತಿದ್ರಾ, ಇಲ್ಲ ಹುರೀತಿದ್ರಾ?' ಎಂದು ಉಸ್ಸಪ್ಪ ಕೇಳಿದ. ನಾನು ಪಕ್ಕಕ್ಕೆ ತಿರುಗಿದೆ. ನಿಮ್ಮಮ್ಮ ಗೋಡೆಯ ಮೇಲಿದ್ದ ಟೈರಿನ ಜಾಹೀರಾತನ್ನು ಬಲು ಆಸಕ್ತಿಯಿಂದ ಓದುತ್ತಿದ್ದರು.

ಹೌದು ರೀ, ನಿಮ್ಮಮ್ಮ ಕಾರು ಕಲಿಯುತ್ತಿದ್ದಾರೆ. ನನ್ನ ಹೊಟ್ಟೆ ಸ್ಟೀರಿಂಗಿಗೆ ತಾಗತೊಡಗಿದ ದಿನ ಕೀಲಿ ಕಿತ್ತುಕೊಂಡರು. 'ನಿನ್ ಗಂಡ ಹುಟ್ಟೋವಾಗ ಗಾಡಿ ಸಿಗದೆ ಮೆಟ್ಲ ಮೇಲೆ ಕೂತು ಅತ್ತೋಳು ನಾನು. ನಿನ್ನನ್ನ ಹಾಗೆ ಕೂರ್ಸಲ್ಲ' ಎಂದರು. ಅಲ್ಲಿಗೆ ಮಾತು ಮುಗಿಯಿತು. ಗೋದಾಮಿನ ಹಿಂದಿನ ಖಾಲಿ ಅಂಗಳದಲ್ಲಿ ಬೆಳಗಿನ ಹೊತ್ತು ಪಾಠ. ಸ್ಟೀರಿಂಗ್ ನೆಟ್ಟಗೆ ಹಿಡಿಯುತ್ತಾರೆ, ಹೊಲಿಗೆಯ ಗೆರೆ ತಪ್ಪದ ಕೈ ಅದು. ತೊಂದರೆಯೆಲ್ಲ ಕಾಲಿನದು. ಜೀವಮಾನವಿಡೀ ಮಷಿನ್ ತುಳಿದ ಎಡಗಾಲು ಕ್ಲಚ್ಚಿನ ಮೇಲೆ ಕೂತರೆ ಸಾಕು, ಅರ್ಧ ಒತ್ತುವುದು, ಅರ್ಧ ಬಿಡುವುದು, ಒಂದೇ ಸಮನೆ ತುಳಿತ. ಕಾರು ಬಿಕ್ಕಳಿಸಿಕೊಂಡು ಹೋಗುತ್ತಿತ್ತು, ಒಳಗೆಲ್ಲ ಸುಟ್ಟ ವಾಸನೆ. 'ಪೆಡ್ಲು ಸಿಕ್ರೆ ಕಾಲು ಸುಮ್ನಿರಲ್ಲ ಕಣೆ, ನಾನೇನ್ ಮಾಡ್ಲಿ' ಎನ್ನುತ್ತಿದ್ದರು. ಕೊನೆಗೆ ನಾನು ಅವರ ಬಟ್ಟೆ ಅಳೆಯುವ ಮರದ ಸ್ಕೇಲನ್ನೇ ತಂದು, ತುಳಿದಾಗಲೆಲ್ಲ ಮೊಣಕಾಲಿಗೆ ಒಂದು ತಟ್ಟತೊಡಗಿದೆ. ಅತ್ತೆಗೆ ಹೊಡೆಯುವ ಭಾಗ್ಯ ಎಷ್ಟು ಸೊಸೆಯರಿಗೆ ಸಿಗುತ್ತದೆ ಹೇಳಿ! ಹೊಸ ಕ್ಲಚ್ಚು ಹಾಕಿಸಿದ ಮೇಲೆ ಕಾಲು ಹತೋಟಿಗೆ ಬಂದಿದೆ. ಮೊನ್ನೆ ಪರೀಕ್ಷೆ ಪಾಸಾಗಿ ಲೈಸೆನ್ಸೂ ಸಿಕ್ಕಿತು. ಅದರ ಫೋಟೋದಲ್ಲಿ ಯಾರನ್ನೋ ಬೈಯಲು ಹೊರಟವರ ಹಾಗೆ ಮುಖ ಗಂಟಿಕ್ಕಿದ್ದಾರೆ. ಆದರೆ ನಮ್ಮ ಇಳಿಜಾರನ್ನು, ನಾನು ಪಕ್ಕದಲ್ಲಿ ಕೂರದೆ, ಒಮ್ಮೆಯೂ ಇಳಿದಿಲ್ಲ. ಒಬ್ಬರೇ ಇಳಿಸುತ್ತಾರೆಯೇ? ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ.

ಹೇಗೂ ಇರಲಿ, ಹೆರಿಗೆಯಾಗುವವರೆಗಾದರೂ ತಡೆಯಲು ನಿಮ್ಮ ಸ್ನೇಹಿತರಿಗೆ ಹೇಳಿ. ಆಮೇಲೂ ಮಾರಲೇಬೇಕು ಎಂದಿದ್ದರೆ ನಿಮ್ಮಮ್ಮನ ಹತ್ತಿರ ನೀವೇ ಮಾತಾಡಿ, ಆ ಧೈರ್ಯ ನನಗಿಲ್ಲ. ಒಲೆಯ ಮುಂದೆ ಹುಷಾರು. ಜೊತೆಯವರಿಗೆಲ್ಲ ನಾನು ಕೇಳಿದೆ ಎಂದು ಹೇಳಿ. ಈ ಕಾಗದ ಸಿಕ್ಕ ಬಂದರಿನಿಂದಲೇ ಒಂದು ಫೋನ್ ಮಾಡಿ, ನಿಮ್ಮ ದನಿ ಕೇಳಬೇಕೆನಿಸಿದೆ.

ಇಂತಿ ನಿಮ್ಮ ದಾರಿ ಕಾಯುತ್ತಿರುವ,
ಮನೆಯವಳು

ತಾ.ಕ.: ಮಗನೇ, ಇದು ನಿನ್ನ ಅಮ್ಮನ ಕೈಬರಹ. ಆಸ್ಪತ್ರೆ ಬೆಂಚಿನ ಮೇಲೆ ಕೂತು ಬರೀತಿದೀನಿ. ಇವಳು ಕಾಗದ ಅಂಟಿಸೋಕೆ ಮೊದ್ಲೇ ನೋವು ಬಂತು. ನಾನು ಟ್ಯಾಕ್ಸಿಗೆ ಫೋನೇ ಮಾಡಲಿಲ್ಲ. ಇಳಿಜಾರು ಇಳಿಸಿದೆ. ನಾನು ಹೆದರಿಬಿಡ್ತೀನಿ ಅಂತ ಇವಳು ಹಿಂದಿನ ಸೀಟಲ್ಲಿ ತುಟಿ ಕಚ್ಕೊಂಡು ಒಂದು ಸಲಾನೂ ಕಿರುಚಲಿಲ್ಲ. ದಾರಿ ಉದ್ದಕ್ಕೂ ಕಿರುಚಿದೋಳು ನಾನೇ. ಹೆಣ್ಣು ಮಗು. ಮೈ ಸಣ್ಣದು, ಗಂಟಲು ದೊಡ್ಡದು. ಇಬ್ಬರೂ ಚೆನ್ನಾಗಿದಾರೆ, ನೀನು ನೆಮ್ಮದಿಯಾಗಿರು. ಆಸ್ಪತ್ರೆ ಗೇಟಿಗೆ ತಾಗಿ ಕಾರಿನ ಎಡಗಡೆ ಬಾಗಿಲು ಉದ್ದಕ್ಕೂ ಗೀರಿಹೋಗಿದೆ. ಅದೊಂದನ್ನ ಮಾತ್ರ ಯಾರಿಗೂ ರಿಪೇರಿ ಮಾಡೋಕೆ ಬಿಡಲ್ಲ. ನಿನ್ನ ಮಗಳು ದೊಡ್ಡೋಳಾದ ಮೇಲೆ ತೋರಿಸಬೇಕು.