ಅಜ್ಜಿಯ ಹಿಡಿ, ನನ್ನ ಹಿಡಿ

ತಮ್ಮಾ,

ಬಂದವನೇ ಊಟಕ್ಕೆ ಕೂರಬೇಡ, ಮೊದಲು ಇದನ್ನ ಓದು.

ಮೇಜಿನ ಮೇಲಿರೋ ಬೀನ್ಸ್ ಉಪ್ಪಿನಕಾಯಿ ಜಾಡಿ ಮುಟ್ಟಬೇಡ. ಕೆಟ್ಟಿದೆಯೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡೋ ನಮ್ಮನೆ ಚಾಳಿ ಇವತ್ತು ಬೇಡವೇ ಬೇಡ. ಡಾಕ್ಟರು ಕೇಳಬಹುದು ಅಂತ ಚೆಲ್ಲಿಲ್ಲ, ಅಷ್ಟೇ.

ಮೊನ್ನೆ ಮುಚ್ಚಳ ತೆಗೆದಾಗ ಬುಸ್ ಅಂದಿತ್ತಲ್ಲ, ಚೆನ್ನಾಗಿ ಹುಳಿ ಬಂದಿದೆ ಅಂತ ಅಪ್ಪನೇ ಮೊದಲು ತಿಂದ್ರು. ಬೆಳಿಗ್ಗೆ ಅವರು "ಏನೇ, ಇಬ್ಬಿಬ್ಬರಾಗಿ ಬಂದು ನಿಂತಿದ್ದೀಯ" ಅಂದಾಗ ನಾವು ಬಿದ್ದು ಬಿದ್ದು ನಕ್ಕೆವು. ಅದು ತಮಾಷೆ ಅಲ್ಲ ಕಣೋ, ಅವರಿಗೆ ನಿಜವಾಗ್ಲೂ ಎರಡೆರಡು ಕಾಣ್ತಿತ್ತು. ಈಗ ಅವರಿಗೆ ರೆಪ್ಪೆ ಎತ್ತೋಕಾಗ್ತಿಲ್ಲ, ಗುಟುಕು ನೀರೂ ಗಂಟಲಲ್ಲಿ ಇಳೀತಿಲ್ಲ. ಎದುರುಮನೆ ಟ್ಯಾಕ್ಸಿಯವರ ಜೊತೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ.

ಅಜ್ಜಿ ಹೇಳಿಕೊಟ್ಟ ಹಾಗೇ ಮಾಡಿದ್ದೆ. ನಮ್ಮ ಹಿತ್ತಲ ಬೀನ್ಸು, ಜಾಡಿಗೆ ನಾಲ್ಕು ಹಿಡಿ ಉಪ್ಪು. ಈಗ ಹೊಳೀತಿದೆ ನೋಡು, ಅಜ್ಜಿ ಕೈ ಮೊರದಗಲ, ನನ್ನದು ಗುಬ್ಬಚ್ಚಿ ಹಿಡಿ. ಉಪ್ಪು ಸಾಲದೆ ಜಾಡಿಯೊಳಗೇ ವಿಷ ಆಗಿರಬೇಕು.

ನೀನೋ, ಫೋನು ಚಾರ್ಜಿಗೆ ಹಾಕಿ ಮರೆತು ಹೋಗಿದ್ದೀಯ. ನಾನು ಮಾಡಿದಷ್ಟು ಸಲವೂ ಇಲ್ಲೇ ಅಡುಗೆಮನೇಲಿ ಬಡ್ಕೊಳ್ತು. ಮರೆಗುಳಿ ಮುಂಡೇದೆ.

ಗ್ಯಾಸ್ ಆಫ್ ಮಾಡಿದ್ದೀನಿ. ಅಪ್ಪನ ಕನ್ನಡಕ, ಹೊದಿಕೆ ತಗೊಂಡು ಬಾ.

ಬರೆಯೋಕೇ ಭಯ ಆಗ್ತಿದೆ. ಬೆಳಿಗ್ಗೆ ನಿನ್ನ ಡಬ್ಬಿಗೂ ನಾನೇ ಎರಡು ಚಮಚ ಹಾಕಿದ್ದೆ. ತಿಂದಿದ್ರೆ ಕನ್ನಡಕ, ಹೊದಿಕೆ ಹುಡುಕ್ತಾ ನಿಲ್ಲಬೇಡ, ಎದ್ದುಬಿದ್ದು ಓಡಿ ಬಾ.

ಈ ಅಕ್ಷರ ನಿನಗೆ ಒಂದೊಂದಾಗೇ ಕಾಣ್ತಿದೆ ತಾನೇ?

ಅಕ್ಕ