ಹೇಳಿದರೆ ಗುಣ ಹೋಗುತ್ತದೆ

ಶಿಡ್ಲಘಟ್ಟ
14-9-1991

ಪ್ರೀತಿಯ ಶ್ಯಾಮಲಕ್ಕನಿಗೆ,

ತೊಂಡೇಬಾವಿಯಿಂದ ನೀನು ಹಾಕಿದ ಎರಡು ಕಾಗದವೂ ಸೇರಿದವು. ಉತ್ತರ ತಡವಾಯಿತು, ಕ್ಷಮಿಸು. ಕೈಗೆ ಪುರುಸೊತ್ತಿತ್ತು, ಮನಸ್ಸೇ ಬರಲಿಲ್ಲ. ಭಾವನ ಮಂಡಿನೋವು ಹೇಗಿದೆ?

ನನಗೆ ಉಬ್ಬಸ ಮತ್ತೆ ಶುರುವಾಗಿದೆ. ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಸಾಕು, ಎದೆ ಹಿಡಿದುಕೊಳ್ಳುತ್ತದೆ. ಜೊತೆಯಲ್ಲಿ ನೂಲು ತೆಗೆಯುವ ಅಜೀಜಾ, "ಆಂಜಿನಮ್ಮಾ, ಆಚೆ ಹೋಗಿ ಕೂತ್ಕೋ" ಅನ್ನುತ್ತಾಳೆ. ದಿನಾ ಆಚೆ ಕೂತರೆ ಕೂಲಿ ಕೊಡುವವರು ಯಾರು?

ಬೆಂಗಳೂರಿನ ಆಸ್ಪತ್ರೆಯವರು ಉಬ್ಬಸದ ಹೊಸ ಮಾತ್ರೆಯ ಪರೀಕ್ಷೆಗೆ ನನ್ನನ್ನು ಸೇರಿಸಿಕೊಂಡ ದಿನ ನೀನೂ ಇದ್ದೆ. ಡಾಕ್ಟರು ಬಿಡಿಸಿ ಹೇಳಿದರು: "ಮೂರು ತಿಂಗಳು ಬೇರೆ ಯಾವ ಔಷಧೀನೂ ಕೂಡದು. ನಾಟಿ ಮದ್ದೂ ಬೇಡ. ಜ್ವರ ಬಂದ್ರೂ ನಮ್ಮನ್ನ ಕೇಳದೆ ಏನೂ ನುಂಗ್ಬೇಡಿ." ನಾನು ಅದನ್ನು ವ್ರತದ ಹಾಗೆ ಹಿಡಿದೆ. ನೆಗಡಿಗೆ ಮೆಣಸಿನ ಕಷಾಯವನ್ನೂ ಮುಟ್ಟಲಿಲ್ಲ. ಆರೈಕೆಗೆಂದು ಬಂದಿದ್ದ ನೀನು ದಿನಾ ಕೊಟ್ಟ ರಾಗಿ ಗಂಜಿ ಕುಡಿದೆ, ಅಷ್ಟೇ. ಎಂಟು ವರ್ಷ ಕೂತೇ ರಾತ್ರಿ ಕಳೆದವಳು, ಆ ಮಾತ್ರೆಯಿಂದ ದಿಂಬಿಗೆ ತಲೆಕೊಟ್ಟು ಮಲಗಿದ್ದೆ ಕಣೇ!

ಎರಡನೇ ತಿಂಗಳು ಪರೀಕ್ಷೆ ಮಾಡಿದಾಗ ನನ್ನ ಮೂತ್ರದಲ್ಲಿ ಬೇರೆ ಔಷಧಿ ಸಿಕ್ಕಿತು. "ನೀವು ಹಿಂಗೆ ಸುಳ್ಳು ಹೇಳಿದ್ರೆ, ನಾಳೆ ಈ ಮಾತ್ರೆ ನುಂಗೋರ ಗತಿ ಏನಮ್ಮಾ?" ಎಂದು ಡಾಕ್ಟರು ನನ್ನ ಹೆಸರು ಹೊಡೆದುಹಾಕಿದರು. ಮಾತ್ರೆಯೂ ನಿಂತಿತು.

ಹೋದ ಸೋಮವಾರ ದಿಬ್ಬೂರಹಳ್ಳಿ ಬಸ್ಸಿನಲ್ಲಿ ನಾಟಿ ಮದ್ದು ಕೊಡುವ ನಲ್ಲಪ್ಪ ಸಿಕ್ಕ. "ಬಾಗುನ್ನಾವಾಮ್ಮಾ, ಚೆನ್ನಾಗಿದ್ದೀಯಾ? ನಿಮ್ಮಕ್ಕ ತಗೊಂಡೋದ ಪುಡಿ ಕೆಲಸ ಮಾಡ್ತಾ? ಗಂಜೀಲಿ ಕಲಸ್ಕೊಡು, ಕುಡಿಯೋರ್ಗೆ ಮಾತ್ರ ಹೇಳ್ಬೇಡ, ಹೇಳಿದ್ರೆ ಗುಣ ಹೋಗ್ತದೆ ಅಂತ ಆಯಮ್ಮಂಗೆ ಹೇಳಿದ್ದೆ" ಅಂದ. ಅವನ ಪುಡಿ ಬರೀ ಬೇರಲ್ಲ, ಅಂಗಡಿ ಮಾತ್ರೆಯನ್ನೂ ಅರೆದು ಬೆರೆಸುತ್ತಾನೆಂದು ಆಮೇಲೆ ತಿಳಿಯಿತು.

ಆ ನಂಬಿಕೆ ನನಗೂ ಗೊತ್ತು ಅಕ್ಕಾ. ಅಮ್ಮ ನಮಗೆ ಕಾಮಾಲೆ ಮದ್ದನ್ನು ಬಾಳೆಹಣ್ಣಿನಲ್ಲಿಟ್ಟು ಹಾಗೇ ನುಂಗಿಸಿದ್ದಳು. ನಿನಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ನಾನು ಹೇಳುವುದಿಲ್ಲ. ಆದರೂ ಹೊಟ್ಟೆ ಉರಿಯುತ್ತದೆ. ಡಾಕ್ಟರ ಮಾತನ್ನು ನೀನೂ ಕಿವಿಯಾರೆ ಕೇಳಿದ್ದೆಯಲ್ಲ!

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಯಾವ ಕಾಯಿಲೆಯೂ ಸೋಕದೆ ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಆಂಜಿನಮ್ಮ

ಇನ್ನೊಂದು ಮಾತು: ಪುಡಿ ಹಾಕಿದ್ದನ್ನು ಇವತ್ತಲ್ಲ ನಾಳೆ ಮರೆತೇನು. ಅವತ್ತು ಡಾಕ್ಟರ ಮುಂದೆ ನಾನು ಅಳುತ್ತಾ ತಾಯಾಣೆ ಇಡುತ್ತಿದ್ದಾಗ ನೀನು ಪಕ್ಕದಲ್ಲೇ ಕೂತಿದ್ದೆ. ನನ್ನ ಬೆನ್ನು ಸವರಿ, "ಕದ್ದು ತಿಂದಿದ್ರೆ ಒಪ್ಕೊಂಡ್ಬಿಡೇ, ಡಾಕ್ಟ್ರು ಬೈಯಲ್ಲ" ಅಂದೆ.